ಕಾಗದ ಯಾರ ಕೈಗೆ, ಮಾತು ಯಾರ ಕಿವಿಗೆ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಒಂದು ಹೋಬಳಿ ಕೇಂದ್ರ. ಪಹಣಿ, ಆದಾಯ ಪತ್ರ, ಬಿತ್ತನೆ ಬೀಜ, ಬೆಳೆವಿಮೆ ಎಂದು ಸುತ್ತಲ ಹಳ್ಳಿಗಳ ಜನ ಬಂದುಹೋಗುವ ಊರು. ಇಂಥ ಕಡೆ ಕಾಗದವೊಂದು ಮನೆ ಸೇರಿದ ಮೇಲೆ ಏನಾಗುತ್ತದೆ ಎಂಬುದನ್ನು ಅದನ್ನು ಬರೆದವರು ಕಾಣುವುದು ಅಪರೂಪ. ಬ್ಯಾಂಕಿನ ನೋಟಿಸು ಅಪ್ಪನ ಹೆಸರಿಗೆ ಬರುತ್ತದೆ. ಅಪ್ಪ ಅದರ ಮಡಿಕೆ ಬಿಚ್ಚಿ ಕಾಲೇಜಿಗೆ ಹೋಗುವ ಮಗಳ ಕೈಗೆ ಕೊಟ್ಟು, "ಏನೈತವ್ವಾ ಇದ್ರಾಗೆ?" ಅನ್ನುತ್ತಾನೆ. ಅವಳು ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುಮಾಡಿ, ಉಲ್ಲೇಖಗಳನ್ನು ದಾಟಿ, ನಾಲ್ಕನೇ ಸಾಲಿಗೆ ತಡವರಿಸಿ, ಕೊನೆಗೆ ಸಾರ ಹೇಳುತ್ತಾಳೆ: "ಬ್ಯಾಂಕಿಗೆ ಬರ್ಬೇಕಂತೆ ಅಪ್ಪಾಜಿ." ಯಾವತ್ತು ಹೋಗಬೇಕು, ಏನು ಹಿಡಿದುಕೊಂಡು ಹೋಗಬೇಕು, ಹೋಗದಿದ್ದರೆ ಏನಾಗುತ್ತದೆ ಎಂಬುದೆಲ್ಲ ಕಾಗದದಲ್ಲಿ ಇದೆ. ಅಪ್ಪನ ಕಿವಿಗೆ ಮಾತ್ರ ಬಿದ್ದಿಲ್ಲ.

ವ್ಯವಹಾರದ ಬರವಣಿಗೆಯನ್ನು ಕಲಿಸುವ ಪುಸ್ತಕಗಳೆಲ್ಲ ಮೊದಲ ಪಾಠದಲ್ಲೇ ಓದುಗರು ಯಾರೆಂದು ತಿಳಿದು ಬರೆಯಿರಿ ಎನ್ನುತ್ತವೆ. ಒಳ್ಳೆಯ ಮಾತೇ. ಆದರೆ ಆ ಪುಸ್ತಕಗಳ ಮನಸ್ಸಿನಲ್ಲಿರುವುದು ಮೇಜಿನ ಮುಂದೆ ಒಬ್ಬರೇ ಕೂತು ಮೌನವಾಗಿ ಓದುವ ಒಬ್ಬ ವ್ಯಕ್ತಿ. ನಮ್ಮ ಸೀಮೆಯಲ್ಲಿ ಒಂದು ಕಾಗದಕ್ಕೆ ನಾಲ್ವರು ಇರುತ್ತಾರೆ. ಯಾರ ಹೆಸರಿಗೆ ಬಂತೋ ಅವರು, ಅದನ್ನು ಓದಿ ಹೇಳುವವರು, ಕೇಳಿಸಿಕೊಂಡು ಕೆಲಸ ಮಾಡಬೇಕಾದವರು, ಮತ್ತೆ ಹತ್ತಾರು ವರ್ಷಗಳ ಮೇಲೆ ತೆಗೆದು ನೋಡುವವರು. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಸಾಕ್ಷರತೆ ಶೇ 74ರ ಆಸುಪಾಸು; ಹೆಣ್ಣುಮಕ್ಕಳಲ್ಲಿ ಅದು ಮೂರರಲ್ಲಿ ಎರಡು ಪಾಲು. ಹಾಗಾಗಿ ಓದಿ ಹೇಳುವವರು ಮತ್ತು ಕೇಳುವವರು ಇಲ್ಲಿ ಅಪರೂಪದ ಸಂಗತಿಯಲ್ಲ, ನಿತ್ಯದ ವ್ಯವಸ್ಥೆ. ಕಾಗದ ಬರೆಯುವವರು ಈ ನಾಲ್ವರನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಜನ ಹಣ ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಜಮೀನು ಕಳೆದುಕೊಳ್ಳುತ್ತಾರೆ.

ಇದು ಹೊಸ ಸಮಸ್ಯೆಯಲ್ಲ. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೆ ಸುಮಾರು 2,270 ವರ್ಷಗಳ ಹಿಂದಿನ ಒಂದು ಆಡಳಿತ ಪತ್ರವಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಇರುವ ಅಶೋಕನ ಕಿರುಶಾಸನಗಳನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆಮಾಡಿದರು. ಅಶೋಕನ ಧರ್ಮಬೋಧೆ ಎಂದು ಶಾಲೆಯಲ್ಲಿ ಓದಿದ ನಾವು ಅದರ ಮೊದಲ ಸಾಲುಗಳನ್ನು ಗಮನಿಸುವುದು ಕಡಿಮೆ. ಅವು ಧರ್ಮದಿಂದ ಶುರುವಾಗುವುದಿಲ್ಲ, ವಿಳಾಸದಿಂದ ಶುರುವಾಗುತ್ತವೆ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲದ ಮಹಾಮಾತ್ರರಿಗೆ ಬರೆಯುತ್ತಿದ್ದಾರೆ. ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸಬೇಕು. ಯಾರಿಂದ, ಯಾರ ಮೂಲಕ, ಯಾರಿಗೆ, ಯಾವ ಗೌರವದಲ್ಲಿ ಎಂಬ ನಾಲ್ಕೂ ಮೊದಲ ಉಸಿರಿನಲ್ಲೇ ತೀರ್ಮಾನವಾಗಿವೆ.

ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಅಂದಿನ ಇಸಿಲದ ಸುತ್ತ ದನ ಮೇಯಿಸುತ್ತ, ಹೊಲ ಉಳುತ್ತ ಇದ್ದವರು ಬಂಡೆಯ ಮುಂದೆ ನಿಂತು ಇದನ್ನು ಓದಿಕೊಂಡಿರಲಾರರು. ಪತ್ರ ಬರೆದವರಿಗೂ ಅಂಥ ಭ್ರಮೆ ಇರಲಿಲ್ಲ ಎಂದೇ ನನಗೆ ಕಾಣುತ್ತದೆ. ಅವರು ಬರೆದದ್ದು ಅಧಿಕಾರಿಗಳಿಗೆ. ಜನರಿಗೆ ಮುಟ್ಟಿಸುವುದು ಆ ಅಧಿಕಾರಿಗಳ ಹೊಣೆ. ಒಳಗಿನ ವಿಷಯ ಮಾತ್ರ ಜನರಿಗಾಗಿಯೇ ಆರಿಸಿದ್ದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಶ್ರೇಯಸ್ಸು ಪಡೆಯಬಹುದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯುವಂಥ ಮಾತುಗಳು.

ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ‘ಲಿಪಿಕಾರನಿಂದ’ ಎಂಬ ಅರ್ಥದ ಪದವನ್ನು ಅವನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯದಲ್ಲಿ, ಗಾಂಧಾರದ ಕಡೆ. ತನಗೆ ಸಲೀಸಾದ ಲಿಪಿ ಬೇರೆ ಇದ್ದರೂ ಚಪಡ ಪತ್ರದ ಇಡೀ ಒಡಲನ್ನು ಓದುವವರ ಲಿಪಿಯಲ್ಲಿ ಬರೆದ. ತನ್ನ ಗುರುತಿನ ಒಂದು ಪದಕ್ಕೆ ಮಾತ್ರ ತನ್ನ ಲಿಪಿ ಬಳಸಿದ. ಕಚೇರಿಯ ಭಾಷೆ, ವೃತ್ತಿಯ ಭಾಷೆ, ತನ್ನ ಓದಿನ ಭಾಷೆಯಲ್ಲೇ ಎಲ್ಲವನ್ನೂ ಬರೆದು ಮುಗಿಸುವ ಇಂದಿನವರು ಬ್ರಹ್ಮಗಿರಿಗೆ ಹೋಗಿ ಆ ಒಂದು ಪದವನ್ನು ನೋಡಿ ಬರಬೇಕು ಎಂದು ನನ್ನ ಆಸೆ.

ಪತ್ರದ ಮುಂದಿನ ಪ್ರಯಾಣ ಹೇಗಿತ್ತು ಎಂಬುದಕ್ಕೆ ನೆರೆಯ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನ ಉತ್ತರ ಕೊಡುತ್ತದೆ. ಅಲ್ಲಿ ರಜ್ಜುಕ ಎಂಬ ಅಧಿಕಾರಿಗೆ ಆಜ್ಞೆ ಹೋಗಬೇಕು, ಅವನು ಭೇರಿ ಬಾರಿಸಿ ಜನಪದಕ್ಕೆ ಸಾರಬೇಕು ಎಂದಿದೆ. ಆನೆ ನಡೆಸುವವರು, ಲೆಕ್ಕ ಬರೆಯುವ ಕರಣಿಕರು, ಕುದುರೆ ಪಳಗಿಸುವವರು, ಪಾಠ ಹೇಳುವ ಬ್ರಾಹ್ಮಣರು ತಂತಮ್ಮ ಶಿಷ್ಯರಿಗೆ ಕಲಿಸಬೇಕು ಎಂದೂ ಇದೆ. ಒಂದೇ ಸಂದೇಶ, ಅಧಿಕಾರಿಗೆ ಬರಹದಲ್ಲಿ, ಊರಿಗೆ ಭೇರಿಯಲ್ಲಿ, ಕಸುಬಿನವರಿಗೆ ಅವರವರ ಗುರುವಿನ ಬಾಯಲ್ಲಿ. ಇಂದಿನ ದೊಡ್ಡ ಕಂಪನಿಯ ಪ್ರಚಾರ ವಿಭಾಗ ಇದಕ್ಕಿಂತ ಹೆಚ್ಚು ಏನು ಯೋಚಿಸುತ್ತದೆ?

ಕನ್ನಡ ನಾಡಿನ ದಾನಪತ್ರಗಳು ಈ ವಿವೇಕವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದವು. ಗಂಗರ, ಬಾದಾಮಿ ಚಾಲುಕ್ಯರ ಕಾಲದ ಎಷ್ಟೋ ತಾಮ್ರಪಟಗಳಲ್ಲಿ ರಾಜನ ವಂಶ, ಪರಾಕ್ರಮ ಎಲ್ಲ ಸಂಸ್ಕೃತದಲ್ಲಿರುತ್ತದೆ. ಕೊಟ್ಟ ಭೂಮಿಯ ಎಲ್ಲೆ ಹೇಳುವ ಹೊತ್ತಿಗೆ ಬರಹ ಕನ್ನಡಕ್ಕೆ ತಿರುಗುತ್ತದೆ. ವಂಶದ ಹೊಗಳಿಕೆ ಅರಮನೆಗೆ, ಪಂಡಿತರಿಗೆ. ಯಾವ ಹಳ್ಳ, ಯಾವ ಮರ, ಯಾವ ಬಂಡೆಯಿಂದ ಎಲ್ಲಿಗೆ ಎಂಬುದು ಊರಿನವರಿಗೆ. ನಾಳೆ ತಕರಾರು ಎದ್ದರೆ ಹೊಲದ ಬದುವಿನ ಮೇಲೆ ನಿಂತು ಸಾಕ್ಷಿ ಹೇಳುವವರು ಅವರೇ ತಾನೆ. ಓದಲು ಬಾರದವರನ್ನೂ ಬಿಡಲಿಲ್ಲ. ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿದರು, ಹಸು ಕರುವನ್ನು ಕೆತ್ತಿದರು. ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಬೇಕೆಂಬುದು ಅಕ್ಷರ ಬಾರದ ಕುರಿಗಾಹಿಗೂ ತಿಳಿಯಿತು. ಶಿವಾಲಯದ ಭೂಮಿಗೆ ಲಿಂಗಮುದ್ರೆ ಕಲ್ಲು, ವಿಷ್ಣು ದೇಗುಲದ ಭೂಮಿಗೆ ವಾಮನಮುದ್ರೆ ಕಲ್ಲು ನೆಟ್ಟರು. ಇನ್ನು ಇದನ್ನು ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಕೊನೆಯ ಶಾಪ. ಅದು ಆಗ ಎದುರಿಗಿದ್ದ ಯಾರನ್ನೂ ಉದ್ದೇಶಿಸಿದ್ದಲ್ಲ. ಇನ್ನೂ ಹುಟ್ಟದ ರಾಜನಿಗೆ, ಇನ್ನೂ ಹುಟ್ಟದ ಊರಗೌಡನಿಗೆ ಬರೆದ ಸಾಲು ಅದು.

ಶಾನುಭೋಗರ ಕಾಲದಲ್ಲಿ ಕಾಗದ ಓದಿ ಹೇಳುವ ಕೆಲಸ ಒಬ್ಬರ ಕೈಯಲ್ಲಿತ್ತು. ಅದರಲ್ಲಿ ಅನುಕೂಲವೂ ಇತ್ತು, ಅನ್ಯಾಯಕ್ಕೆ ದಾರಿಯೂ ಇತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯೊಂದಿಗೆ ವಂಶಪಾರಂಪರ್ಯದ ಆ ಅಧಿಕಾರ ಹೋಯಿತು. ಓದಿ ಹೇಳುವವರ ಅಗತ್ಯ ಹೋಗಲಿಲ್ಲ. ಆ ಜಾಗಕ್ಕೆ ಇಂದು ಮಗಳು, ಮೊಮ್ಮಗ, ಜೆರಾಕ್ಸ್ ಅಂಗಡಿಯ ಹುಡುಗ, ಸಂಘದ ಪ್ರತಿನಿಧಿ ಬಂದಿದ್ದಾರೆ.

ಬೆಳೆವಿಮೆಯನ್ನೇ ತೆಗೆದುಕೊಳ್ಳೋಣ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಮುಂಗಾರಿನ ಆಹಾರ ಬೆಳೆಗೂ ಎಣ್ಣೆಕಾಳಿಗೂ ರೈತರು ಕಟ್ಟುವುದು ವಿಮಾ ಮೊತ್ತದ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಪ್ರಕಟಣೆಗಳು ಸಾಮಾನ್ಯವಾಗಿ ಇದನ್ನು ಹೀಗೇ ಹೇಳುತ್ತವೆ, ಅದೂ ಹೆಕ್ಟೇರಿನ ಲೆಕ್ಕದಲ್ಲಿ. ಮಾಡದಕೆರೆಯ ರೈತ ಹೆಕ್ಟೇರಿನಲ್ಲಿ ಯೋಚಿಸುವುದಿಲ್ಲ. ಅವನ ಪಹಣಿ ಎಕರೆ, ಗುಂಟೆಯಲ್ಲಿದೆ, ಅವನ ಮಾತೂ ಹಾಗೇ ಇದೆ. ಹೆಕ್ಟೇರಿಗೆ ವಿಮಾ ಮೊತ್ತ 40,000 ರೂಪಾಯಿ ಎಂದಿಟ್ಟುಕೊಂಡರೆ ಶೇ 2 ಅಂದರೆ 800 ರೂಪಾಯಿ, ಎಕರೆಗೆ ಸುಮಾರು 324. ಈ ಕೊನೆಯ ಸಂಖ್ಯೆಯೊಂದನ್ನು ಮೊದಲು ಹೇಳಿದರೆ ಮಿಕ್ಕದ್ದಕ್ಕೆ ಕಿವಿ ತೆರೆಯುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಪರಿಹಾರದ ಲೆಕ್ಕದಲ್ಲಿದೆ. ‘ನಮ್ಮ ಹೊಲದಾಗೆ ಒಂದು ಕಾಳೂ ಬರ್ಲಿಲ್ಲ, ವಿಮೆ ಯಾಕೆ ಬರ್ಲಿಲ್ಲ?’ ಎಂಬ ಪ್ರಶ್ನೆ ಬರಪೀಡಿತ ತಾಲ್ಲೂಕುಗಳಲ್ಲೆಲ್ಲ ಕೇಳಿಬರುತ್ತದೆ. ವ್ಯಾಪಕ ಬೆಳೆ ನಷ್ಟಕ್ಕೆ ಈ ಯೋಜನೆ ಒಬ್ಬೊಬ್ಬರ ಹೊಲವನ್ನು ನೋಡುವುದಿಲ್ಲ. ಪ್ರದೇಶವನ್ನು ಒಂದು ಘಟಕವಾಗಿ ಹಿಡಿಯುತ್ತದೆ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸಿಕ್ಕ ಸರಾಸರಿ ಇಳುವರಿಯನ್ನು, ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿದ್ದ ಐದರ ಸರಾಸರಿ ಆಧರಿಸಿ ನಿಗದಿಮಾಡಿದ ಮಟ್ಟಕ್ಕೆ ಹೋಲಿಸುತ್ತಾರೆ. ಘಟಕ ಆ ಮಟ್ಟಕ್ಕಿಂತ ಕೆಳಗಿದ್ದರೆ ಅಲ್ಲಿ ಆ ಬೆಳೆಗೆ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಮೇಲಿದ್ದರೆ ಒಬ್ಬನ ಹೊಲ ಪೂರ್ತಿ ಒಣಗಿದ್ದರೂ ಇಲ್ಲ. ಮಳೆ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲಕ್ಕೆ ಬೀಳದ ಈ ಬಯಲುಸೀಮೆಯಲ್ಲಿ ರೈತನಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ ಇದು. ‘ಪರಿಹಾರ ನಿಮ್ಮ ಒಬ್ಬರ ಹೊಲ ನೋಡಿ ಕೊಡುವುದಲ್ಲ, ನಿಮ್ಮ ಪಂಚಾಯಿತಿಯ ಸರಾಸರಿ ನೋಡಿ ಕೊಡುವುದು’ ಎಂಬ ಒಂದು ಸಾಲು ಹಣ ಕಟ್ಟಿಸಿಕೊಳ್ಳುವ ಮುಂಚೆ ಅವನ ಕಿವಿಗೆ ಬಿದ್ದರೆ, ಆಮೇಲಿನ ಎಷ್ಟೋ ಕಹಿ ತಪ್ಪುತ್ತದೆ.

ಹಾಗೆಂದು ಒಬ್ಬೊಬ್ಬರ ಹೊಲಕ್ಕೆ ಯಾವ ರಕ್ಷಣೆಯೂ ಇಲ್ಲವೆಂದಲ್ಲ. ಆಲಿಕಲ್ಲು, ಮೇಘಸ್ಫೋಟ, ಹೊಲ ಮುಳುಗುವುದು ಇಂಥವಕ್ಕೆ ಪ್ರತ್ಯೇಕ ಅವಕಾಶವಿದೆ, 72 ಗಂಟೆಯೊಳಗೆ ತಿಳಿಸಿದರೆ. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಅಕಾಲ ಮಳೆಗೆ ಹಾಳಾದರೂ, ಕೊಯ್ದ 14 ದಿನದೊಳಗಿನ ನಷ್ಟಕ್ಕೆ ಅವಕಾಶವಿದೆ. ರಾಗಿ ಕೊಯ್ದು ಅರಿ ಹಾಕಿದ ಮೇಲೆ ಮೋಡ ಕವಿದರೆ ಇಲ್ಲಿನವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಬಲ್ಲವರಿಗೆ ಈ ನಿಯಮದ ಬೆಲೆ ಗೊತ್ತು. ಆದರೆ ಪ್ರಕಟಣೆಯ ಒಳಗೆ ಅದು ‘ಕಟಾವಿನ ನಂತರದ ನಷ್ಟದ ಸಂದರ್ಭದಲ್ಲಿ ಅಧಿಸೂಚನೆಯಲ್ಲಿ ತಿಳಿಸಿರುವ ಷರತ್ತುಗಳಿಗೊಳಪಟ್ಟು’ ಎಂಬ ಧಾಟಿಯಲ್ಲಿ ಎಲ್ಲೋ ಕೆಳಗೆ ಕೂತಿರುತ್ತದೆ. ಕೇಳುವವರಿಗೆಂದೇ ಬರೆದರೆ ಹೀಗಾಗಬಹುದು:

"ರಾಗಿಗೆ ವಿಮೆ ಮಾಡಿಸಿದ ರೈತರೇ, ಕೊಯ್ದು ಹೊಲದಲ್ಲಿ ಬಿಟ್ಟ ರಾಗಿ ಅಕಾಲ ಮಳೆಗೆ ಸಿಕ್ಕಿ ಹಾಳಾದರೆ 72 ಗಂಟೆ, ಅಂದರೆ ಮೂರು ದಿನದೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಿ. ಸರ್ವೆ ನಂಬರು, ಎಷ್ಟು ಎಕರೆ, ಯಾವತ್ತು ಕೊಯ್ದಿರಿ, ಯಾವತ್ತು ಮಳೆ ಬಂತು ಎಂದು ಹೇಳಿ. ಕೊಯ್ದು 14 ದಿನ ಕಳೆದ ಮೇಲಿನ ನಷ್ಟಕ್ಕೆ ಇದು ಅನ್ವಯಿಸುವುದಿಲ್ಲ."

ಇದನ್ನು ಗಟ್ಟಿಯಾಗಿ ಓದಲು ಅರ್ಧ ನಿಮಿಷ ಸಾಕು. ಹಾಲಿನ ಡೇರಿಯ ಮುಂದೆ ಓದಬಹುದು, ಪಂಚಾಯಿತಿಯ ಧ್ವನಿವರ್ಧಕದಲ್ಲಿ ಹೇಳಬಹುದು, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಯಾಗಿಯೇ ಕಳಿಸಬಹುದು. ಸಾಲ ಪಡೆದ ರೈತರಿಗೆ ಇನ್ನೊಂದು ಮಾತು ಬೇಕು. 2020ರ ಮುಂಗಾರಿನಿಂದ ಅವರಿಗೂ ವಿಮೆ ಕಡ್ಡಾಯವಲ್ಲ. ಬೇಡವೆಂದರೆ ನೋಂದಣಿಯ ಕೊನೆಯ ದಿನಕ್ಕೆ ಏಳು ದಿನ ಮುಂಚೆಯೇ ಬ್ಯಾಂಕಿಗೆ ಬರೆದುಕೊಡಬೇಕು, ಇಲ್ಲವಾದರೆ ಕಂತು ಖಾತೆಯಿಂದ ಹೋಗುತ್ತದೆ. ಸಾಲ ಪಡೆದವರಿಗೂ ಪಡೆಯದವರಿಗೂ ಒಂದೇ ಪ್ರಕಟಣೆ ಹೊರಡಿಸಿದರೆ ಇಬ್ಬರೂ ಗೊಂದಲಕ್ಕೆ ಬೀಳುತ್ತಾರೆ.

ಈಗ ಎದುರು ದಿಕ್ಕಿನಿಂದ ನೋಡೋಣ. ಹಳ್ಳಿಯವರು ಬರೆಯುವವರಾದಾಗ, ಬ್ಯಾಂಕು ಓದುವವರಾದಾಗ. ಹೋಬಳಿಯ ಒಂದು ಸ್ತ್ರೀಶಕ್ತಿ ಸಂಘ ರಾಗಿ ಹುರಿಹಿಟ್ಟು, ರಾಗಿ ಮಾಲ್ಟ್ ಮಾಡುವ ಘಟಕಕ್ಕೆ 4 ಲಕ್ಷ ರೂಪಾಯಿ ಸಾಲ ಕೇಳುತ್ತಿದೆ ಎಂದಿಟ್ಟುಕೊಳ್ಳಿ. ಯೋಜನಾ ವರದಿಯನ್ನು ಪಟ್ಟಣದ ಯಾರೋ ಸಿದ್ಧಮಾಡಿಕೊಡುತ್ತಾರೆ. ಬೇರೆ ಊರಿನ ಬೇರೆ ಘಟಕದ ಹಳೆಯ ವರದಿಯಲ್ಲಿ ಹೆಸರು, ಮೊತ್ತ ಬದಲಾಗಿರುತ್ತದೆ ಅಷ್ಟೆ. ಸಂಘದವರೇ ಬರೆಯಲು ಕೂತರೆ ಅವರ ಮನಸ್ಸಿನಲ್ಲಿ ಮೊದಲು ಬರುವುದು ತಮ್ಮ ಕಷ್ಟ, ತಮ್ಮ ಶ್ರದ್ಧೆ, ರಾಗಿಯ ಗುಣ. ಎಲ್ಲವೂ ನಿಜ, ಎಲ್ಲವೂ ಹೇಳಬೇಕಾದದ್ದು. ಆದರೆ ಮ್ಯಾನೇಜರ್ ಮೇಜಿನ ಆ ಕಡೆ ಕೂತು ಹುಡುಕುವುದು ಬೇರೆ: ದುಡ್ಡು ವಾಪಸು ಹೇಗೆ ಬರುತ್ತದೆ?

ಐದು ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ 4 ಲಕ್ಷಕ್ಕೆ ತಿಂಗಳ ಕಂತು ಸುಮಾರು 8,900 ರೂಪಾಯಿ. ಖರ್ಚೆಲ್ಲ ಕಳೆದು ಕಿಲೋಗೆ 30 ರೂಪಾಯಿ ಉಳಿಯುತ್ತದೆ ಎಂದಾದರೆ ಕಂತು ಒಂದಕ್ಕೇ ತಿಂಗಳಿಗೆ 300 ಕಿಲೋ ಮಾರಬೇಕು. ಆ 300 ಕಿಲೋ ಎಲ್ಲಿ ಹೋಗುತ್ತದೆ? ಹೊಸದುರ್ಗದ ಎಷ್ಟು ಅಂಗಡಿಗಳು ಒಪ್ಪಿವೆ, ಯಾವ ಹಾಸ್ಟೆಲು ಕೊಳ್ಳುತ್ತದೆ, ಮಾರಾಟ ಕುಗ್ಗುವ ತಿಂಗಳಲ್ಲಿ ಕಂತಿಗೆ ಹಣ ಎಲ್ಲಿಂದ? ಈ ಲೆಕ್ಕ ವರದಿಯ ಮೊದಲ ಪುಟದಲ್ಲಿದ್ದರೆ ಮ್ಯಾನೇಜರ್ ಎರಡನೇ ಪುಟಕ್ಕೆ ಹೋಗುತ್ತಾರೆ. ಸಂಘ ಹಿಂದಿನ ಸಾಲಗಳನ್ನು ತಪ್ಪದೆ ತೀರಿಸಿದ್ದರೆ ಆ ಮಾತು ಕೂಡ ಅಲ್ಲೇ ಬರಬೇಕು. ಎಷ್ಟೋ ಸಂಘಗಳಿಗೆ ಇರುವ ದೊಡ್ಡ ಆಸ್ತಿ ಅದು, ಎಷ್ಟೋ ಅರ್ಜಿಗಳಲ್ಲಿ ಕಾಣದೆ ಹೋಗುವುದೂ ಅದೇ. ಮ್ಯಾನೇಜರ್ ಬೇರೆ ರಾಜ್ಯದವರಾಗಿದ್ದು ಕನ್ನಡ ಓದಲು ಬಾರದಿರಬಹುದು. ಮಂಜೂರಾತಿ ಅವರ ಕೈಯಲ್ಲಿರದೆ ಮೇಲಿನ ಕಚೇರಿಗೆ ಹೋಗಬಹುದು. ಆಗ ಆ ಒಂದು ಪುಟದ ಲೆಕ್ಕವೇ ಸಂಘದ ಪರವಾಗಿ ಮಾತಾಡಬೇಕು. ಅದಕ್ಕೆ ಇಂಗ್ಲಿಷ್ ಪ್ರತಿಯೊಂದನ್ನು ಲಗತ್ತಿಸುವುದರಲ್ಲಿ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲ. ಚಪಡ ಮಾಡಿದ್ದೂ ಅದನ್ನೇ.

ಸಾಲ ಮಂಜೂರಾದ ಮೇಲೆ ಬರೆಯುವ ಸರದಿ ಬ್ಯಾಂಕಿನದು. ಇಲ್ಲಿ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿದೆ. 2024ರ ಏಪ್ರಿಲ್ 15ರ ಸುತ್ತೋಲೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯ ಸಂಗತಿಗಳ ಹಾಳೆಯೊಂದನ್ನು ಕೊಡಬೇಕು. ಎಲ್ಲ ಶುಲ್ಕ ಸೇರಿಸಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟು, ವಸೂಲಿ ಹೇಗೆ, ದೂರು ಯಾರಿಗೆ ಎಂಬುದೆಲ್ಲ ಅದರಲ್ಲಿರಬೇಕು. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು, ತಿಳಿಯಿತು ಎಂಬ ಒಪ್ಪಿಗೆ ಪಡೆಯಬೇಕು. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಬಿಡಬೇಕು. ಓದಿಸಿಬಿಟ್ಟರೆ ಮುಗಿಯಲಿಲ್ಲ, ವಿವರಿಸಲೂ ಬೇಕು ಎಂದಿರುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆ ಮೂರು ದಿನದಲ್ಲಿ ಹಾಳೆ ಮನೆಗೆ ಹೋಗುತ್ತದೆ, ಮಗಳೋ ಮೊಮ್ಮಗನೋ ಓದುತ್ತಾರೆ, ಅತ್ತೆ ಸೊಸೆಯರು ಕೂತು ಮಾತಾಡುತ್ತಾರೆ. ಸಾಲಕ್ಕೆ ಸಹಿ ಒಬ್ಬರದಾದರೂ ತೀರಿಸುವುದು ಇಡೀ ಮನೆ.

ಬಹಳ ದೂರದ ಓದುಗನನ್ನು ನೆನಪಿಡಬೇಕಾದ ಕಾಗದವೆಂದರೆ ಜಮೀನಿನ ಗುತ್ತಿಗೆ ಕರಾರು. ಹಿರಿಯೂರಿಗೆ ಹೊಂದಿದ ಪಾವಗಡದಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ಸೌರಪಾರ್ಕಿಗೆ ಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಗಾಳಿಯಂತ್ರಗಳು ತಿರುಗುವ ಚಿತ್ರದುರ್ಗದ ಸೀಮೆಯಲ್ಲಿ ಇಂಥ ಕರಾರುಗಳ ಮಾತು ಈಗ ಹೊಸದಲ್ಲ. ಕಾಲು ಶತಮಾನ ದಾಟುವ ಕರಾರಿಗೆ ಹೆಬ್ಬೆಟ್ಟು ಒತ್ತಿದ ಅಜ್ಜ ಅದು ಮುಗಿಯುವಾಗ ಇರುವುದಿಲ್ಲ. ಅಂದು ಜಗಲಿಯ ಮೇಲೆ ಆಡುತ್ತಿದ್ದ ಮೊಮ್ಮಗ ಆಗ ಅದನ್ನು ಪೆಟ್ಟಿಗೆಯಿಂದ ತೆಗೆದು ಓದುತ್ತಾನೆ. ಕಂಪನಿ ಕೈ ಬದಲಾದರೆ ಬಾಡಿಗೆ ಯಾರು ಕೊಡಬೇಕು, ಅವಧಿ ಮುಗಿದಾಗ ಕಾಂಕ್ರೀಟು ಕಿತ್ತು ನೆಲವನ್ನು ಉಳುವ ಹಾಗೆ ಮಾಡಿಕೊಡುವವರು ಯಾರು, ಬದು ಯಾವ ಗುರುತಿನ ಮೇಲೆ ಮತ್ತೆ ಹಾಕಬೇಕು? ತಾಮ್ರಪಟದ ಕರಣಿಕ ಇದ್ದಿದ್ದರೆ ಎಲ್ಲೆಯನ್ನು ಕನ್ನಡದಲ್ಲಿ, ಮರ ಬಂಡೆಗಳ ಹೆಸರು ಹಿಡಿದು ಬರೆಯುತ್ತಿದ್ದ.

ಸರ್ಕಾರಿ ಪತ್ರದ ತಲೆಯಲ್ಲಿರುವ ಉಲ್ಲೇಖಗಳ ಸಾಲನ್ನು ದೂರುವವರು ಬಹಳ. ನಾನು ದೂರಲಾರೆ. ಆ ಸಂಖ್ಯೆ, ದಿನಾಂಕಗಳಿಂದಲೇ ಹತ್ತು ವರ್ಷದ ಮೇಲೆ ಲೆಕ್ಕ ಪರಿಶೋಧಕರು, ನ್ಯಾಯಾಲಯ, ಮುಂದಿನ ತಹಶೀಲ್ದಾರರು ಕಡತದ ದಾರಿ ಹಿಡಿಯುವುದು. ಬಡವನ ಹಕ್ಕು ಎಷ್ಟೋ ಸಲ ಉಳಿದಿರುವುದೂ ಆ ಸಂಖ್ಯೆಯಿಂದಲೇ. ಕಡತಕ್ಕೆಂದು ಬರೆದ ಪ್ರತಿಯನ್ನೇ ಮನುಷ್ಯರಿಗೂ ಕಳಿಸುತ್ತೇವಲ್ಲ, ತೊಂದರೆ ಇರುವುದು ಅಲ್ಲಿ. ಕಡತಕ್ಕೆ ಒಂದು ಹಾಳೆ, ಮನೆಗೆ ಒಂದು ಹಾಳೆ ಇರಲಿ. ಮನೆಯ ಹಾಳೆಯಲ್ಲಿ ಮೊದಲು ಏನು ಮಾಡಬೇಕು, ಆಮೇಲೆ ಯಾವತ್ತಿನೊಳಗೆ, ಏನು ತರಬೇಕು, ಯಾರನ್ನು ಕಾಣಬೇಕು, ಮಾಡದಿದ್ದರೆ ಏನಾಗುತ್ತದೆ. ಕಾನೂನಿನ ಸಂಖ್ಯೆ ಬೇಕಿದ್ದರೆ ಕೊನೆಯಲ್ಲಿರಲಿ.

ಕರಡನ್ನು ಪರೀಕ್ಷಿಸುವ ದಾರಿಯೂ ಕಷ್ಟದ್ದಲ್ಲ. ಕಾಲೇಜು ಹುಡುಗಿಯೊಬ್ಬಳ ಕೈಯಲ್ಲಿ ಅದನ್ನು ಒಮ್ಮೆ ಗಟ್ಟಿಯಾಗಿ ಓದಿಸಬೇಕು. ಅವಳು ತಡವರಿಸಿದ ಕಡೆಯಲ್ಲೆಲ್ಲ ಗೆರೆ ಎಳೆಯಬೇಕು. ಆಮೇಲೆ ಕೇಳಿಸಿಕೊಂಡವರನ್ನು "ಅರ್ಥ ಆಯ್ತಾ?" ಎಂದು ಕೇಳಬಾರದು, ಹಾಗೆ ಕೇಳಿದರೆ ಮರ್ಯಾದೆಗೆ ಎಲ್ಲರೂ "ಆತು ಬಿಡಿ ಸಾರ್" ಅನ್ನುತ್ತಾರೆ. "ಈಗ ನೀವು ಏನ್ ಮಾಡ್ತೀರಿ ಯಜಮಾನ್ರೇ?" ಎಂದು ಕೇಳಬೇಕು. "ಪಾಸ್‌ಬುಕ್ಕು, ಪಹಣಿ ತಗಂಡು ಹದಿನೈದನೇ ತಾರೀಕಿನೊಳಗೆ ಬ್ಯಾಂಕಿಗೆ ಹೋಗ್ತೀನಿ" ಎಂಬ ಉತ್ತರ ಬಂದರೆ ಅಚ್ಚಿಗೆ ಕಳಿಸಬಹುದು. "ಯಾರನ್ನಾದ್ರೂ ಕೇಳಿ ನೋಡ್ಬೇಕು" ಎಂದರೆ ಆ ಸಾಲು ಮತ್ತೆ ಬರೆಯಬೇಕು. ಮುಂಗಾರಿನ ಪ್ರಕಟಣೆಗಳು ಹೊರಡುವ ಮುಂಚೆ, ಮೇ ತಿಂಗಳ ಒಂದು ಮಧ್ಯಾಹ್ನ, ಬೀಜ ಗೊಬ್ಬರಕ್ಕೆಂದು ರೈತ ಸಂಪರ್ಕ ಕೇಂದ್ರಕ್ಕೆ ಬಂದವರ ನಡುವೆ ಇದನ್ನು ಮಾಡಬಹುದು.